ಫೇಲ್‌ಓವರ್ ಆಯ್ತು, ಹಳೆಯ ಪ್ರೈಮರಿಯನ್ನು ಏನು ಮಾಡೋದು? ಪೋಸ್ಟ್‌ಗ್ರೆಸ್ ಸರ್ವರುಗಳನ್ನು ಮತ್ತೆ ಸಿಂಕ್ ಮಾಡುವ ಬಗೆ

ಬರಹಗಳನ್ನು ಸ್ವೀಕರಿಸುವ ಮುಖ್ಯ ಡೇಟಾಬೇಸ್ ಸರ್ವರ್ (ಪ್ರೈಮರಿ) ಬಿದ್ದಾಗ ಅದರ ನಕಲು ಸರ್ವರಿಗೆ (ಸ್ಟ್ಯಾಂಡ್‌ಬೈ) ಆ ಕೆಲಸ ವಹಿಸುವುದೇ ಫೇಲ್‌ಓವರ್. ಅದೆಂದರೆ ಎಲ್ಲರೂ ಅಂಜುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಅದು ನಿಜಕ್ಕೂ ಕೆಲವೇ ಸೆಕೆಂಡುಗಳ ಕೆಲಸ. ಸ್ಟ್ಯಾಂಡ್‌ಬೈಗೆ ಬಡ್ತಿ ಸಿಗುತ್ತದೆ, ಹೊಸ ಟೈಮ್‌ಲೈನ್ (ಬದಲಾವಣೆಗಳ ಇತಿಹಾಸದ ಹೊಸ ಕವಲು) ಶುರುವಾಗುತ್ತದೆ, ಆ್ಯಪ್ ಅತ್ತ ತಿರುಗಿಕೊಳ್ಳುತ್ತದೆ. ಡೇಟಾ ಹಾಳಾಗುವುದು ಬಹಳ ಸಲ ಅದಾದ ಮೇಲೆ: ಸತ್ತಿದ್ದ ಹಳೆಯ ಸರ್ವರ್ ಎದ್ದು ಕೂತು ಇನ್ನೂ ತಾನೇ ಪ್ರೈಮರಿ ಎಂದುಕೊಂಡಾಗ, ಇಲ್ಲವೇ ಅದನ್ನು ಬೇಗ ಸ್ಟ್ಯಾಂಡ್‌ಬೈ ಮಾಡಿಬಿಡೋಣ ಅಂತ ಯಾರೋ ಅವಸರದಲ್ಲಿ ಅದರ ಡೇಟಾ ಅಳಿಸಿದಾಗ.

ಇಲ್ಲಿ ಹೇಳುವುದೆಲ್ಲ ಸ್ಟ್ರೀಮಿಂಗ್ ರೆಪ್ಲಿಕೇಶನ್‌ಗೆ, ಅಂದರೆ ಪ್ರೈಮರಿಯ ಬದಲಾವಣೆಗಳು ಆಗಾಗಲೇ ಸ್ಟ್ಯಾಂಡ್‌ಬೈಗೆ ಹರಿದುಹೋಗುವ ಬಗೆಗೆ ಸಂಬಂಧಿಸಿದ್ದು. ಒಂದು ಪ್ರೈಮರಿ, ಒಂದೆರಡು ಅಸಿಂಕ್ರೊನಸ್ (ಪ್ರೈಮರಿ ತಮಗಾಗಿ ಕಾಯದ) ಸ್ಟ್ಯಾಂಡ್‌ಬೈ, ಆವೃತ್ತಿ 13 ಅಥವಾ ಅದಕ್ಕಿಂತ ಹೊಸದು ಎಂದುಕೊಂಡಿದ್ದೇನೆ. ಕಮಾಂಡು, ಸೆಟ್ಟಿಂಗುಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗಿನ ಸ್ಪೆಲಿಂಗ್ ನಿಮಗೆ ಗೊತ್ತೇ ಇರುತ್ತದೆ.

ಮೊದಲು ಹಳೆಯದನ್ನು ಕಟ್ಟಿಹಾಕಿ

ಹಳೆಯ ಯಂತ್ರ ಬೂಟ್ ಆದ ಕೂಡಲೇ ಪೋಸ್ಟ್‌ಗ್ರೆಸ್ ತಾನಾಗಿ ಶುರುವಾಗುತ್ತದೆಯೇ? ಬಹುತೇಕ ಕಡೆ ಹೌದು. ಸಿಸ್ಟಮ್‌ಡಿಯಲ್ಲಿ ಆ ಸರ್ವಿಸನ್ನು ನಿಲ್ಲಿಸಿ ಡಿಸೇಬಲ್ ಮಾಡಿ. ಅಷ್ಟೇ ಸಾಲದು. 5432 ಪೋರ್ಟಿಗೆ ಆ್ಯಪ್ ಸರ್ವರುಗಳಿಂದ ಬರುವ ದಾರಿಯನ್ನು ಫೈರ್‌ವಾಲ್‌ನಲ್ಲಿ ಮುಚ್ಚಿ, ವರ್ಚುವಲ್ ಐಪಿ ಅಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ಕನೆಕ್ಷನ್‌ಗಳನ್ನು ಹಂಚುವ ಪಿಜಿಬೌನ್ಸರ್‌ನ ಕಾನ್ಫಿಗ್‌ನಲ್ಲಿ ಹಳೆಯ ವಿಳಾಸ ಉಳಿದಿದೆಯೇ ನೋಡಿ. ಆ ಯಂತ್ರದ ಕ್ರಾನ್‌ನಲ್ಲಿ ಲೋಕಲ್ ಸಾಕೆಟ್ ಮೂಲಕ ಡೇಟಾಬೇಸಿಗೆ ಬರೆಯುವ ಸ್ಕ್ರಿಪ್ಟ್ ಇದ್ದರೆ ಅದನ್ನು ಫೈರ್‌ವಾಲ್ ತಡೆಯುವುದಿಲ್ಲ. ಆ ಸಾಲುಗಳನ್ನು ಕಮೆಂಟ್ ಮಾಡಿಬಿಡಿ.

ಫೇಲ್‌ಓವರನ್ನು ತಾನಾಗಿ ನಡೆಸುವ ಪಟ್ರೋನಿ ಬಳಸುತ್ತಿದ್ದರೆ ಅದನ್ನೂ ನಿಲ್ಲಿಸಬೇಕು. ಹಳೆಯ ನೋಡ್ ಬಂದ ತಕ್ಷಣ ಅದನ್ನು ಹಿಂದಕ್ಕೆ ಸುತ್ತಿ ಸೇರಿಸಿಕೊಳ್ಳುವುದು ಪಟ್ರೋನಿಗೆ ಗೊತ್ತು. ಅನುಕೂಲ ನಿಜ, ಆದರೆ ಹಳೆಯ ಸರ್ವರಿನಲ್ಲಿ ಮಾತ್ರ ಉಳಿದಿದ್ದ ಕಮಿಟ್‌ಗಳು (ಬರೆದು ಮುಗಿದ ವ್ಯವಹಾರಗಳು) ಯಾರ ಕಣ್ಣಿಗೂ ಬೀಳದೆ ಹೋಗಿಬಿಡುತ್ತವೆ. ಟೈಮ್‌ಲೈನ್ ಕವಲೊಡೆದರೆ ಡೇಟಾ ಡೈರೆಕ್ಟರಿಯನ್ನೇ ಅಳಿಸಿಹಾಕು ಎನ್ನುವ ಆಯ್ಕೆಯೂ ಅದರಲ್ಲಿದೆ. ಡಿಫಾಲ್ಟ್ ಆಗಿ ಅದು ಆಫ್ ಇರುತ್ತದೆ. ಹಣಕಾಸಿನ ಡೇಟಾ ಇರುವ ಕ್ಲಸ್ಟರಿನಲ್ಲಿ ಅದನ್ನು ಆನ್ ಮಾಡಿಡುವವರ ಧೈರ್ಯ ಮೆಚ್ಚಬೇಕು.

ಇನ್ನು ಪ್ರತಿ ಸರ್ವರಿನಲ್ಲೂ ಪಿಜಿ_ಈಸ್_ಇನ್_ರಿಕವರಿ ಫಂಕ್ಷನ್ ಕರೆದು ನೋಡಿ. ಪ್ರೈಮರಿಯಲ್ಲಿ ಫಾಲ್ಸ್, ಸ್ಟ್ಯಾಂಡ್‌ಬೈಗಳಲ್ಲಿ ಟ್ರೂ ಬರಬೇಕು. ಎರಡು ಕಡೆ ಫಾಲ್ಸ್ ಬಂದರೆ ಎರಡು ಪ್ರೈಮರಿಗಳಿವೆ ಎಂದರ್ಥ. ಆಗ ಉಳಿದ ಕೆಲಸವೆಲ್ಲ ಬದಿಗಿಟ್ಟು ಮೊದಲು ಒಂದನ್ನು ನಿಲ್ಲಿಸಿ.

ಹೊಸ ಪ್ರೈಮರಿಯಲ್ಲಿ ತಕ್ಷಣ ಮಾಡಬೇಕಾದ್ದು

ಇಲ್ಲಿ ಗಡಿಯಾರ ಓಡುತ್ತಿರುತ್ತದೆ. ಹಳೆಯ ಸರ್ವರ್ ಮರಳಿ ಸೇರಬೇಕಾದರೆ, ಕವಲೊಡೆದ ಜಾಗಕ್ಕಿಂತ ಸ್ವಲ್ಪ ಹಿಂದಿನಿಂದ ಈವರೆಗಿನ ವಾಲ್ ಫೈಲುಗಳು (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಲಾಗ್) ಹೊಸ ಪ್ರೈಮರಿಯಲ್ಲೋ ಆರ್ಕೈವ್‌ನಲ್ಲೋ ಇರಲೇಬೇಕು. ಒಂದೊಂದು ಸೆಗ್ಮೆಂಟ್ ಸಾಮಾನ್ಯವಾಗಿ 16 ಎಂಬಿ. ಬರವಣಿಗೆ ಜೋರಾಗಿದ್ದರೆ ಹಳೆಯ ಸೆಗ್ಮೆಂಟುಗಳು ಬಹುಬೇಗ ಮರುಬಳಕೆಗೆ ಹೋಗುತ್ತವೆ. ಹಳೆಯ ಪ್ರೈಮರಿಯಲ್ಲಿದ್ದ ರೆಪ್ಲಿಕೇಶನ್ ಸ್ಲಾಟುಗಳು (ಸ್ಟ್ಯಾಂಡ್‌ಬೈ ಓದುವ ತನಕ ವಾಲ್ ಹಿಡಿದಿಡುವ ಗುರುತುಗಳು) ಫೇಲ್‌ಓವರ್ ಜೊತೆಗೆ ಇತ್ತ ಬರುವುದಿಲ್ಲ, ಹಾಗಾಗಿ ವಾಲ್ ಹಿಡಿದಿಡುವವರು ಈಗ ಯಾರೂ ಇಲ್ಲ.

ಮೊದಲು ವಾಲ್_ಕೀಪ್_ಸೈಜ್ ಅನ್ನು ಡಿಸ್ಕ್ ತಾಳುವಷ್ಟು ಹೆಚ್ಚಿಸಿ ರೀಲೋಡ್ ಮಾಡಿ, ರೀಸ್ಟಾರ್ಟ್ ಬೇಡ. ಆಮೇಲೆ ಹಳೆಯ ಸರ್ವರಿಗಾಗಿ ಒಂದು ಫಿಸಿಕಲ್ ಸ್ಲಾಟ್ ಸೃಷ್ಟಿಸಿ. ಸ್ಲಾಟ್ ಸೃಷ್ಟಿಸುವ ಫಂಕ್ಷನ್ನಿನ ಎರಡನೇ ಆರ್ಗ್ಯುಮೆಂಟ್ ಟ್ರೂ ಎಂದು ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಸ್ಟ್ಯಾಂಡ್‌ಬೈ ಮೊದಲ ಸಲ ಬಂದು ಸೇರುವ ತನಕ ಆ ಸ್ಲಾಟ್ ಏನನ್ನೂ ಹಿಡಿದಿಡುವುದಿಲ್ಲ, ಹೆಸರಿಗೆ ಮಾತ್ರ ಇರುತ್ತದೆ. ಸ್ಲಾಟ್ ಹಿಡಿಯುವುದು ಇಲ್ಲಿಂದ ಮುಂದಿನ ವಾಲ್ ಮಾತ್ರ, ಈಗಾಗಲೇ ಹೋದದ್ದನ್ನು ಅದು ತಂದುಕೊಡುವುದಿಲ್ಲ. ಇನ್ನೊಂದು ಕಡೆ, ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಡಿಫಾಲ್ಟ್ ಬೆಲೆ -1, ಅಂದರೆ ಮಿತಿಯೇ ಇಲ್ಲ. ಹಳೆಯ ಸರ್ವರ್ ಎರಡು ದಿನ ಬಾರದೆ ಹೋದರೆ ಹೊಸ ಪ್ರೈಮರಿಯ ಡಿಸ್ಕ್ ತುಂಬಿ ಅದೂ ಬೀಳುತ್ತದೆ. ಒಂದು ಮಿತಿ ಹಾಕಿಡಿ.

ಸಿಂಕ್ರೊನಸ್_ಸ್ಟ್ಯಾಂಡ್‌ಬೈ_ನೇಮ್ಸ್ ಕೂಡ ನೋಡಿ. ಈಗ ಇಲ್ಲದ ಸರ್ವರಿನ ಹೆಸರು ಮಾತ್ರ ಅದರಲ್ಲಿದ್ದರೆ ಕಮಿಟ್‌ಗಳು ಕಾಯುತ್ತಾ ನಿಂತುಬಿಡುತ್ತವೆ. ಡೇಟಾಬೇಸ್ ಬದುಕಿರುತ್ತದೆ, ಕನೆಕ್ಷನ್ ಸಿಗುತ್ತದೆ, ಯಾವುದೂ ಮುಗಿಯುವುದಿಲ್ಲ. ಆರ್ಕೈವ್ ಮಾಡುವ ಕಮಾಂಡ್ ಹೊಸ ಪ್ರೈಮರಿಯಲ್ಲಿ ಕೆಲಸ ಮಾಡುತ್ತಿದೆಯೇ ಎಂದು ಪಿಜಿ_ಸ್ಟ್ಯಾಟ್_ಆರ್ಕೈವರ್‌ನಲ್ಲಿ ನೋಡಿಬಿಡಿ.

ಎಲ್ಲಿ ಕವಲೊಡೆಯಿತು?

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಎರಡೂ ಸರ್ವರುಗಳು ಪಾಲಾದ ಅಣ್ಣತಮ್ಮಂದಿರ ಹಾಗೆ: ಪಾಲಾಗುವ ದಿನದ ತನಕ ಲೆಕ್ಕದ ಪುಸ್ತಕ ಒಂದೇ, ಆಮೇಲಿನ ಪುಟಗಳು ಬೇರೆ ಬೇರೆ. ಪಾಲಾದ ದಿನ ಯಾವುದು ಎಂದು ಪೋಸ್ಟ್‌ಗ್ರೆಸ್ ಬರೆದಿಟ್ಟಿರುತ್ತದೆ. ಹೊಸ ಪ್ರೈಮರಿಯ ಪಿಜಿ_ವಾಲ್ ಡೈರೆಕ್ಟರಿಯಲ್ಲಿ 00000002 ಎಂದು ಶುರುವಾಗುವ ಹೆಸರಿನ ಹಿಸ್ಟರಿ ಫೈಲ್ ಇರುತ್ತದೆ. ಹಿಂದೆಯೂ ಫೇಲ್‌ಓವರ್ ಆಗಿದ್ದರೆ ಸಂಖ್ಯೆ ಹೆಚ್ಚಿರುತ್ತದೆ. ಅದು ಬರಿ ಪಠ್ಯ, ಕ್ಯಾಟ್ ಮಾಡಿ ಓದಬಹುದು. ಹಳೆಯ ಟೈಮ್‌ಲೈನ್ ಸಂಖ್ಯೆ, ಅಲ್ಲಿಂದ ಬೇರೆಯಾದ ಎಲ್‌ಎಸ್‌ಎನ್ (ವಾಲ್‌ನೊಳಗಿನ ಜಾಗದ ಸಂಖ್ಯೆ), ಕಾರಣ, ಇಷ್ಟು ಒಂದು ಸಾಲಿನಲ್ಲಿ ಸಿಗುತ್ತದೆ. ಆ ಎಲ್‌ಎಸ್‌ಎನ್ 0/7000148 ಎಂದುಕೊಳ್ಳಿ.

ಈಗ ಹಳೆಯ ಸರ್ವರಿಗೆ ಹೋಗಿ, ಪೋಸ್ಟ್‌ಗ್ರೆಸ್ ಶುರು ಮಾಡದೆಯೇ ಪಿಜಿ_ವಾಲ್‌ಡಂಪ್ ಓಡಿಸಿ. ಅದರ ಪಿಜಿ_ವಾಲ್ ಡೈರೆಕ್ಟರಿಯ ಪಾಥ್ ಕೊಡಿ, ಟೈಮ್‌ಲೈನ್ 1 ಎನ್ನಿ, ಸ್ಟಾರ್ಟ್ ಜಾಗದಲ್ಲಿ 0/7000148 ಹಾಕಿ. ಆರ್‌ಎಂಜಿಆರ್ ಆಯ್ಕೆಗೆ ಟ್ರಾನ್ಸಾಕ್ಷನ್ ಎಂದು ಕೊಟ್ಟರೆ ಕಮಿಟ್, ಅಬಾರ್ಟ್ ಸಾಲುಗಳು ಮಾತ್ರ ಉಳಿಯುತ್ತವೆ. ಕಮಿಟ್ ಸಾಲಿನಲ್ಲಿ ಸಮಯವೂ ಇರುತ್ತದೆ. ಕೊನೆಯಲ್ಲಿ ರೆಕಾರ್ಡ್ ಉದ್ದ ಸರಿಯಿಲ್ಲ ಎಂಬ ಎರರ್ ಬಂದರೆ ಗಾಬರಿ ಬೇಡ; ಕ್ರ್ಯಾಶ್ ಆದ ಸರ್ವರಿನ ವಾಲ್ ಮುಗಿದ ಜಾಗ ಅದು.

ಒಂದೂ ಕಮಿಟ್ ಸಾಲು ಬರಲಿಲ್ಲವೇ? ನಿಮ್ಮ ಅದೃಷ್ಟ, ಮುಂದಿನ ಭಾಗಕ್ಕೆ ಹೋಗಿ. ಬಂದರೆ ಅವು ಆ್ಯಪ್‌ಗೆ ‘ಆಯಿತು’ ಎಂದು ಉತ್ತರ ಹೋಗಿರಬಹುದಾದ, ಆದರೆ ಹೊಸ ಪ್ರೈಮರಿಗೆ ಎಂದೂ ತಲುಪದ ವ್ಯವಹಾರಗಳು. ಗ್ರಾಹಕನ ಫೋನಿಗೆ ಎಸ್‌ಎಂಎಸ್ ಹೋಗಿದೆ, ಡೇಟಾಬೇಸಿನಲ್ಲಿ ಆರ್ಡರ್ ಇಲ್ಲ. ಅಸಿಂಕ್ರೊನಸ್ ರೆಪ್ಲಿಕೇಶನ್ ಎಂದರೆ ಇದನ್ನು ಒಪ್ಪಿಕೊಂಡೇ ಹಾಕಿದ್ದು.

ಸ್ಟ್ಯಾಂಡ್‌ಬೈಗೆ ತಲುಪದೆ ಉಳಿದ ಬರಹಗಳ ಈ ಸಣ್ಣ ಕಿಂಡಿ ಎಷ್ಟು ದುಬಾರಿಯಾಗಬಹುದು ಎನ್ನುವುದಕ್ಕೆ ಗಿಟ್‌ಹಬ್‌ನ 2018ರ ಅಕ್ಟೋಬರ್ 21ರ ಘಟನೆ ನೋಡಬೇಕು. ಅದು ಮೈಎಸ್‌ಕ್ಯುಎಲ್, ಆದರೂ ಕಥೆ ಇದೇ. ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಟ್‌ವರ್ಕ್ ಕಡಿದದ್ದು 43 ಸೆಕೆಂಡು. ಅಷ್ಟರಲ್ಲಿ ಫೇಲ್‌ಓವರ್ ನಡೆಸುವ ಆರ್ಕೆಸ್ಟ್ರೇಟರ್ ತಂತ್ರಾಂಶ ಪಶ್ಚಿಮ ಕರಾವಳಿಯ ಸರ್ವರುಗಳಿಗೆ ಪ್ರೈಮರಿ ಪಟ್ಟ ಕಟ್ಟಿತು. ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಬರಹಗಳು ಉಳಿದವು, ಪಶ್ಚಿಮದಲ್ಲಿ ಹೊಸವು ಸೇರತೊಡಗಿದವು, ಹಿಂದಕ್ಕೂ ಹೋಗುವಂತಿಲ್ಲ. ಸೇವೆ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಅವರ ಅತಿ ಬಿಡುವಿಲ್ಲದ ಕ್ಲಸ್ಟರುಗಳಲ್ಲಿ ಒಂದರಲ್ಲಿ ಆ ಕಿಂಡಿಯಲ್ಲಿ ಸಿಕ್ಕಿಕೊಂಡದ್ದು 954 ಬರಹಗಳು. ಅವರು ಸೇವೆಯ ವೇಗಕ್ಕಿಂತ ಡೇಟಾ ಉಳಿಸುವುದೇ ಮುಖ್ಯ ಎಂದು ನಿರ್ಧರಿಸಿದರು. ನನಗೆ ಅದು ಸರಿಯೆನಿಸುತ್ತದೆ.

ನಿಮ್ಮಲ್ಲಿ ಕಮಿಟ್ ಸಾಲುಗಳು ಸಿಕ್ಕರೆ ಹಳೆಯ ಸರ್ವರಿನ ಇಡೀ ಡೇಟಾ ಡೈರೆಕ್ಟರಿಯ ನಕಲು ತೆಗೆಯಿರಿ. ಡಿಸ್ಕ್ ಸ್ನ್ಯಾಪ್‌ಶಾಟ್ ಆದರೆ ಇನ್ನೂ ಸುಲಭ. ಆ ನಕಲನ್ನು ಬೇರೊಂದು ಯಂತ್ರದಲ್ಲಿ, ಬೇರೆ ಪೋರ್ಟಿನಲ್ಲಿ, ಆ್ಯಪ್‌ಗಳಿಗೆ ಕಾಣದಂತೆ ಎಬ್ಬಿಸಿ. ಎಬ್ಬಿಸುವ ಮೊದಲು ಆರ್ಕೈವ್_ಮೋಡ್ ಆಫ್ ಮಾಡಿ, ಇಲ್ಲದಿದ್ದರೆ ಈ ನಕಲು ತನ್ನ ವಾಲ್ ಫೈಲುಗಳನ್ನು ನಿಮ್ಮ ನಿಜವಾದ ಆರ್ಕೈವ್‌ಗೆ ತಳ್ಳತೊಡಗುತ್ತದೆ. ಡೇಟಾಬೇಸಿನೊಳಗೇ ವೇಳೆಗೆ ಸರಿಯಾಗಿ ಕೆಲಸ ಓಡಿಸುವ ಪಿಜಿ_ಕ್ರಾನ್ ಇದ್ದರೆ ಅದನ್ನೂ ತೆಗೆಯಿರಿ. ಆಮೇಲೆ ವಾಲ್‌ಡಂಪ್ ತೋರಿಸಿದ ಸಮಯದ ಸುತ್ತಮುತ್ತ ಸೃಷ್ಟಿಯಾದ ಅಥವಾ ತಿದ್ದಿದ ಸಾಲುಗಳನ್ನು ಮುಖ್ಯ ಟೇಬಲ್ಲುಗಳಿಂದ ಎತ್ತಿ, ಹೊಸ ಪ್ರೈಮರಿಯೊಂದಿಗೆ ಹೋಲಿಸಿ.

ಸಿಕ್ಕ ಸಾಲುಗಳನ್ನು ಹಾಗೇ ಹೊಸ ಪ್ರೈಮರಿಗೆ ಸುರಿಯಬೇಡಿ. ಒಂದೇ ಐಡಿ ಎರಡು ಕಡೆ ಬೇರೆ ಬೇರೆಯವರಿಗೆ ಹೋಗಿರಬಹುದು. ಪೋಸ್ಟ್‌ಗ್ರೆಸ್ ಐಡಿ ಕೊಡುವ ಸೀಕ್ವೆನ್ಸಿನ ಬೆಲೆಗಳನ್ನು 32ರಷ್ಟು ಮುಂಚಿತವಾಗಿ ವಾಲ್‌ಗೆ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಬಡ್ತಿಯ ಬಳಿಕ ಐಡಿಗಳು ಒಮ್ಮೆ ಹಾರಿದಂತೆ ಕಾಣುತ್ತವೆ, ಕಿಂಡಿ ಸಣ್ಣದಿದ್ದರೆ ಡಿಕ್ಕಿ ಆಗದೆಯೂ ಇರಬಹುದು. ಆದರೆ ಕಿಂಡಿಯಲ್ಲಿ ಅದಕ್ಕಿಂತ ಹೆಚ್ಚು ಇನ್ಸರ್ಟ್‌ಗಳು ನಡೆದಿದ್ದರೆ 5001ನೇ ಆರ್ಡರ್ ಅಲ್ಲಿ ಒಬ್ಬರದು, ಇಲ್ಲಿ ಇನ್ನೊಬ್ಬರದು. ಯಾವುದನ್ನು ಹೊಸ ಐಡಿ ಕೊಟ್ಟು ಸೇರಿಸಬೇಕು, ಯಾವುದನ್ನು ಗ್ರಾಹಕರಿಗೆ ಫೋನ್ ಮಾಡಿ ಕೇಳಬೇಕು ಎನ್ನುವುದು ಡಿಬಿಎ ಒಬ್ಬರೇ ತೀರ್ಮಾನಿಸುವ ವಿಷಯವಲ್ಲ. ಪಟ್ಟಿ ಮಾಡಿ, ಆ ಆ್ಯಪ್ ನೋಡಿಕೊಳ್ಳುವವರ ಕೈಗೆ ಕೊಡಿ. ನಕಲು ಭದ್ರವಾಗಿದ್ದರೆ ಅವರು ತೀರ್ಮಾನಿಸುವವರೆಗೆ ನೀವು ಕಾಯಬೇಕಿಲ್ಲ, ಸಿಂಕ್ ಕೆಲಸ ಮುಂದುವರಿಸಬಹುದು.

ಮೂರು ದಾರಿ

ಯೋಜಿತವಾಗಿ ಪ್ರೈಮರಿಯನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಆಮೇಲೆ ಸ್ಟ್ಯಾಂಡ್‌ಬೈಗೆ ಬಡ್ತಿ ಕೊಟ್ಟಿದ್ದರೆ ಏನನ್ನೂ ಹಿಂದೆ ಸುತ್ತಬೇಕಿಲ್ಲ. ಶಟ್‌ಡೌನ್ ಆಗುವ ಪ್ರೈಮರಿ, ಜೊತೆಯಲ್ಲಿರುವ ಸ್ಟ್ಯಾಂಡ್‌ಬೈಗೆ ಕೊನೆಯ ಚೆಕ್‌ಪಾಯಿಂಟ್ (ಬದಲಾದದ್ದೆಲ್ಲ ಡಿಸ್ಕಿಗೆ ಇಳಿದ ಗುರುತು) ತನಕ ಎಲ್ಲವನ್ನೂ ಕಳಿಸಿಯೇ ಮುಚ್ಚಿಕೊಳ್ಳುತ್ತದೆ. ಸ್ಟ್ಯಾಂಡ್‌ಬೈ.ಸಿಗ್ನಲ್ ಎಂಬ ಖಾಲಿ ಫೈಲ್ ಇಟ್ಟು, ಪ್ರೈಮರಿ_ಕಾನ್‌ಇನ್ಫೋ ಹೊಸ ಸರ್ವರಿಗೆ ತಿರುಗಿಸಿ, ಶುರು ಮಾಡಿದರೆ ಮುಗಿಯಿತು.

ಕ್ರ್ಯಾಶ್ ಆಗಿದ್ದರೆ, ಕವಲೊಡೆದಿದ್ದರೆ, ಪಿಜಿ_ರಿವೈಂಡ್. ಅದೂ ಆಗದಿದ್ದರೆ ಬೇಸ್ ಬ್ಯಾಕಪ್, ಅಂದರೆ ಇಡೀ ಡೇಟಾವನ್ನು ಮತ್ತೆ ನಕಲು ಮಾಡಿಕೊಳ್ಳುವುದು.

ಪಿಜಿ_ರಿವೈಂಡ್

9.5ರಿಂದ ಇದು ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ. ಇದರ ಕೆಲಸದ ಬಗೆ ಅರ್ಥವಾದರೆ ಎರರ್‌ಗಳೂ ಅರ್ಥವಾಗುತ್ತವೆ. ಕವಲಿಗಿಂತ ಹಿಂದಿನ ಕೊನೆಯ ಚೆಕ್‌ಪಾಯಿಂಟಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಹಳೆಯ ಸರ್ವರಿನ ವಾಲ್ ಓದಿ, ಯಾವ ಯಾವ 8 ಕೆಬಿ ಬ್ಲಾಕುಗಳು ಬದಲಾಗಿವೆ ಎಂದು ಪಟ್ಟಿ ಮಾಡುತ್ತದೆ. ಆ ಬ್ಲಾಕುಗಳನ್ನು ಹೊಸ ಪ್ರೈಮರಿಯಿಂದ ತಂದು ಮೇಲೆ ಬರೆಯುತ್ತದೆ. ಟೇಬಲ್ ಅಲ್ಲದ ಫೈಲುಗಳನ್ನು ಇಡಿಯಾಗಿ ತರುತ್ತದೆ. ಆಮೇಲೆ ಸರ್ವರ್ ಎದ್ದಾಗ ಅದೇ ಚೆಕ್‌ಪಾಯಿಂಟಿನಿಂದ ಹೊಸ ಪ್ರೈಮರಿಯ ವಾಲ್ ಓದಿಕೊಂಡು ಮುಂದೆ ಬರುತ್ತದೆ. ಟೆರಾಬೈಟ್ ಡೇಟಾ ಇದ್ದರೂ ಬದಲಾದದ್ದು ಕೆಲವೇ ಬ್ಲಾಕು, ಅದಕ್ಕೇ ಇದು ನಿಮಿಷಗಳಲ್ಲಿ ಮುಗಿಯುವುದು.

ಷರತ್ತು ಒಂದಿದೆ: ಡೇಟಾ ಚೆಕ್‌ಸಮ್ ಅಥವಾ ವಾಲ್_ಲಾಗ್_ಹಿಂಟ್ಸ್ ಮೊದಲೇ ಆನ್ ಇರಬೇಕು. ಹಿಂಟ್ ಬಿಟ್ (ಸಾಲಿನ ವ್ಯವಹಾರ ಮುಗಿದಿದೆಯೇ ಎಂಬ ಪುಟ್ಟ ಗುರುತು) ಬದಲಾವಣೆಗಳು ಇವಿಲ್ಲದೆ ವಾಲ್‌ನಲ್ಲಿ ದಾಖಲಾಗುವುದಿಲ್ಲ, ಪಟ್ಟಿ ಅಪೂರ್ಣವಾಗುತ್ತದೆ. ಫೇಲ್‌ಓವರ್ ಆದ ಮೇಲೆ ಆನ್ ಮಾಡುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ; ಮುಂದಿನ ಸಲಕ್ಕಾದೀತು, ಈ ಸಲಕ್ಕಲ್ಲ. ಆವೃತ್ತಿ 18ರಲ್ಲಿ ಹೊಸದಾಗಿ ಸೃಷ್ಟಿಸುವ ಕ್ಲಸ್ಟರುಗಳಿಗೆ ಚೆಕ್‌ಸಮ್ ತಾನಾಗಿಯೇ ಆನ್ ಇರುತ್ತದೆ.

ಈಗ ಕೆಲಸ. ಡೇಟಾ ಡೈರೆಕ್ಟರಿಯೊಳಗೇ ಕಾನ್ಫಿಗ್ ಫೈಲುಗಳಿದ್ದರೆ ಅವನ್ನು ಬೇರೆ ಕಡೆ ನಕಲು ಮಾಡಿಡಿ, ರಿವೈಂಡ್ ಅವುಗಳ ಮೇಲೂ ಹೊಸ ಪ್ರೈಮರಿಯ ಫೈಲುಗಳನ್ನು ಬರೆದುಬಿಡುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಕಾನ್ಫಿಗ್ ಇಟಿಸಿ ಡೈರೆಕ್ಟರಿಯಲ್ಲಿ ಇರುವುದರಿಂದ ಈ ಚಿಂತೆ ಕಡಿಮೆ. ಹೊಸ ಪ್ರೈಮರಿಯಲ್ಲಿ ಒಮ್ಮೆ ಚೆಕ್‌ಪಾಯಿಂಟ್ ಕಮಾಂಡ್ ಕೊಡಿ. ಬಡ್ತಿಯಾದ ಕೂಡಲೇ ಕಂಟ್ರೋಲ್ ಫೈಲ್‌ನಲ್ಲಿ ಹಳೆಯ ಟೈಮ್‌ಲೈನೇ ಉಳಿದಿದ್ದು, ಹಿಂದಿನ ಆವೃತ್ತಿಗಳಲ್ಲಿ ರಿವೈಂಡ್ ಏನೂ ಮಾಡಬೇಕಿಲ್ಲ ಎಂದು ತಪ್ಪಾಗಿ ಹೇಳಿ ಹೊರಟುಹೋಗುತ್ತಿತ್ತು. ಹೊಸ ಆವೃತ್ತಿಯಾದರೂ ಕೊಟ್ಟರೆ ನಷ್ಟವಿಲ್ಲ.

ಹಳೆಯ ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಪಿಜಿ_ರಿವೈಂಡ್ ಓಡಿಸಿ. ಟಾರ್ಗೆಟ್ ಪಿಜಿಡೇಟಾ ಈ ಯಂತ್ರದ ಡೇಟಾ ಡೈರೆಕ್ಟರಿ, ಸೋರ್ಸ್ ಸರ್ವರ್ ಹೊಸ ಪ್ರೈಮರಿಯ ಕನೆಕ್ಷನ್ ಸ್ಟ್ರಿಂಗ್. ಮೊದಲ ಸಲ ಡ್ರೈ ರನ್ ಮತ್ತು ಪ್ರೋಗ್ರೆಸ್ ಆಯ್ಕೆಗಳೊಂದಿಗೆ. ಎಲ್ಲಿ ಕವಲೊಡೆದಿದೆ ಎಂದು ಅದು ಹೇಳುವ ಎಲ್‌ಎಸ್‌ಎನ್, ನೀವು ಹಿಸ್ಟರಿ ಫೈಲ್‌ನಲ್ಲಿ ಕಂಡದ್ದೇ ಆಗಿರಬೇಕು. ಕ್ರ್ಯಾಶ್ ಆಗಿ ನಿಂತಿದ್ದ ಸರ್ವರ್ ಆದರೆ 13ರಿಂದ ಈಚೆಗೆ ರಿವೈಂಡೇ ಅದನ್ನು ಸಿಂಗಲ್ ಯೂಸರ್ ಮೋಡಿನಲ್ಲಿ ಎಬ್ಬಿಸಿ, ರಿಕವರಿ ಮುಗಿಸಿ, ಸರಿಯಾಗಿ ಮುಚ್ಚಿ, ಆಮೇಲೆ ತನ್ನ ಕೆಲಸ ಶುರು ಮಾಡುತ್ತದೆ. ಬೇಕಾದ ವಾಲ್ ಸೆಗ್ಮೆಂಟ್ ಸಿಗುತ್ತಿಲ್ಲ ಎಂದರೆ ರಿಸ್ಟೋರ್ ಟಾರ್ಗೆಟ್ ವಾಲ್ ಆಯ್ಕೆ ಸೇರಿಸಿ. ರಿಸ್ಟೋರ್_ಕಮಾಂಡ್ ಸರಿಯಾಗಿದ್ದರೆ ಆರ್ಕೈವ್‌ನಿಂದ ತಂದುಕೊಳ್ಳುತ್ತದೆ.

ಎಲ್ಲ ಸರಿಯಿದ್ದರೆ ಡ್ರೈ ರನ್ ತೆಗೆದು, ರೈಟ್ ರಿಕವರಿ ಕಾನ್ಫ್ ಆಯ್ಕೆ ಸೇರಿಸಿ ಓಡಿಸಿ. ಸ್ಟ್ಯಾಂಡ್‌ಬೈ.ಸಿಗ್ನಲ್ ಫೈಲನ್ನೂ ಪ್ರೈಮರಿ_ಕಾನ್‌ಇನ್ಫೋ ಸಾಲನ್ನೂ ಅದೇ ಬರೆಯುತ್ತದೆ. ಸ್ಲಾಟಿನ ಹೆಸರನ್ನು ಬರೆಯುವುದಿಲ್ಲ. ಪ್ರೈಮರಿ_ಸ್ಲಾಟ್_ನೇಮ್ ನೀವೇ ಹಾಕಬೇಕು. ರಿವೈಂಡ್ ಅರ್ಧದಲ್ಲಿ ನಿಂತರೆ ಆ ಡೈರೆಕ್ಟರಿಯನ್ನು ನಂಬಬೇಡಿ, ಎಬ್ಬಿಸಲೂ ಹೋಗಬೇಡಿ. ನೇರ ಬೇಸ್ ಬ್ಯಾಕಪ್‌ಗೆ ಹೋಗಿ.

ಬೇಸ್ ಬ್ಯಾಕಪ್, ಮತ್ತು ಅಳಿಸುವ ಮುನ್ನ

ಪಿಜಿ_ಬೇಸ್‌ಬ್ಯಾಕಪ್‌ಗೆ ಖಾಲಿ ಡೈರೆಕ್ಟರಿ ಬೇಕು. ಅಪಾಯ ಇರುವುದು ಈ ಖಾಲಿ ಮಾಡುವಲ್ಲಿ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಆದದ್ದು ಫೇಲ್‌ಓವರ್ ಅಲ್ಲ, ಹಿಂದೆ ಬಿದ್ದ ರೆಪ್ಲಿಕಾವನ್ನು ಮತ್ತೆ ಸಿಂಕ್ ಮಾಡುವ ಕೆಲಸ. ಬೇಸ್‌ಬ್ಯಾಕಪ್ ಓಡಿಸಿದರೆ ಏನೂ ಹೇಳದೆ ಸುಮ್ಮನೆ ಕೂರುತ್ತಿತ್ತು. ಡೈರೆಕ್ಟರಿಯಲ್ಲೇ ಏನೋ ತೊಂದರೆ ಎಂದುಕೊಂಡು ಅದನ್ನು ಅಳಿಸಹೊರಟ ಇಂಜಿನಿಯರ್ ಆ ಹೊತ್ತಿಗೆ ಲಾಗಿನ್ ಆಗಿದ್ದದ್ದು ರೆಪ್ಲಿಕಾಕ್ಕಲ್ಲ, ಪ್ರೈಮರಿಗೆ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನದ ಬ್ಯಾಕಪ್ ಬೇರೆ ಆವೃತ್ತಿಯ ಪಿಜಿ_ಡಂಪ್ ಬಳಸುತ್ತಿದ್ದುದರಿಂದ ಅದೂ ಆಗಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದು ಅವರನ್ನು ಉಳಿಸಿತು. ಆ ಆರು ಗಂಟೆಗಳ ಡೇಟಾ ಹೋಯಿತು.

ಬೇಸ್‌ಬ್ಯಾಕಪ್ ಹಾಗೆ ಸುಮ್ಮನೆ ಕೂರುವುದು ಸಹಜ. ಅದು ಪ್ರೈಮರಿಯಲ್ಲಿ ಚೆಕ್‌ಪಾಯಿಂಟ್ ಮುಗಿಯಲಿ ಎಂದು ಕಾಯುತ್ತಿರುತ್ತದೆ, ಡಿಫಾಲ್ಟ್ ಆಗಿ ಆ ಚೆಕ್‌ಪಾಯಿಂಟ್ ನಿಧಾನವಾಗಿ ನಡೆಯುತ್ತದೆ. ಚೆಕ್‌ಪಾಯಿಂಟ್ ಆಯ್ಕೆಗೆ ಫಾಸ್ಟ್ ಎಂದು ಕೊಡಿ, ಪ್ರೋಗ್ರೆಸ್ ಮತ್ತು ವರ್ಬೋಸ್ ಎರಡನ್ನೂ ಹಾಕಿ.

ಅಳಿಸುವ ಕಮಾಂಡಿಗೆ ಮೊದಲು ಹೋಸ್ಟ್‌ನೇಮ್ ಹೊಡೆದು ನೋಡಿ. ಜಾಗವಿದ್ದರೆ ಅಳಿಸಲೇಬೇಡಿ, ಡೈರೆಕ್ಟರಿಯ ಹೆಸರು ಬದಲಿಸಿ ಪಕ್ಕಕ್ಕಿಡಿ. ರಾತ್ರಿ ಮೂರು ಗಂಟೆಗೆ ಒಬ್ಬರೇ ಕೂತು ಈ ಕೆಲಸ ಮಾಡುವುದಾದರೆ ಮೀಟ್‌ನಲ್ಲಿ ಸ್ಕ್ರೀನ್ ಹಂಚಿಕೊಂಡು ಇನ್ನೊಬ್ಬರನ್ನು ಎಬ್ಬಿಸಿ ಕೂರಿಸಿ, ಬೈದರೆ ಬೈಸಿಕೊಳ್ಳಿ.

ಉಳಿದ ಆಯ್ಕೆಗಳು: ಸ್ಲಾಟಿನ ಹೆಸರು ಕೊಡಿ, ರೈಟ್ ರಿಕವರಿ ಕಾನ್ಫ್ ಸೇರಿಸಿ, ಇಲ್ಲಿ ಸ್ಲಾಟಿನ ಹೆಸರೂ ಕಾನ್ಫಿಗ್‌ಗೆ ಹೋಗುತ್ತದೆ. ಹೊಸ ಪ್ರೈಮರಿ ಒಂಟಿಯಾಗಿ ಎಲ್ಲ ಭಾರ ಹೊತ್ತಿರುವ ಹೊತ್ತಿನಲ್ಲಿ ಅದರ ನೆಟ್‌ವರ್ಕನ್ನು ಪೂರ್ತಿ ಹೀರಿಕೊಳ್ಳದಂತೆ ಮ್ಯಾಕ್ಸ್ ರೇಟ್ ಹಾಕಿ. ಬೇರೆ ಸ್ಟ್ಯಾಂಡ್‌ಬೈ ಇದ್ದರೆ ಬ್ಯಾಕಪ್ ಅದರಿಂದಲೇ ತೆಗೆಯಬಹುದು. ಆಮೇಲೆ ಪ್ರೈಮರಿ_ಕಾನ್‌ಇನ್ಫೋ ಮಾತ್ರ ಪ್ರೈಮರಿಗೆ ತಿರುಗಿಸಿ. ಒಂದು ಟಿಬಿ ಡೇಟಾ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಬರಲು ಎರಡೂಮುಕ್ಕಾಲು ಗಂಟೆ ಬೇಕು. ಮ್ಯಾನೇಜರಿಗೆ ಅದನ್ನು ಮೊದಲೇ ಹೇಳಿಬಿಡಿ.

ಎಬ್ಬಿಸಿ, ನೋಡಿ

ಹಳೆಯ ಸರ್ವರನ್ನು ಶುರು ಮಾಡಿ ಲಾಗ್ ನೋಡುತ್ತಿರಿ. ಟೈಮ್‌ಲೈನ್ 2ರಲ್ಲಿ ಸ್ಟ್ರೀಮಿಂಗ್ ಶುರುವಾಯಿತು ಎಂಬ ಸಾಲು ಬರಬೇಕು. ಅದರ ಬದಲು, ಹೊಸ ಟೈಮ್‌ಲೈನ್ ಈಗಿನ ರಿಕವರಿ ಪಾಯಿಂಟಿಗಿಂತ ಮೊದಲೇ ಕವಲೊಡೆದಿದೆ ಎಂದು ಬಂದರೆ ಆ ಸರ್ವರ್ ಇನ್ನೂ ಕವಲಿನ ಆಚೆಯೇ ಇದೆ: ರಿವೈಂಡ್ ಆಗಿಲ್ಲ. ಕೇಳಿದ ವಾಲ್ ಸೆಗ್ಮೆಂಟ್ ಈಗಾಗಲೇ ತೆಗೆದುಹಾಕಲಾಗಿದೆ ಎಂದು ಬಂದರೆ ಆರ್ಕೈವ್‌ನಿಂದ ಕೊಡಿ, ಅಲ್ಲೂ ಇಲ್ಲದಿದ್ದರೆ ಬೇಸ್ ಬ್ಯಾಕಪ್.

ಹೊಸ ಪ್ರೈಮರಿಯಲ್ಲಿ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್ ನೋಡಿದರೆ ಸ್ಟೇಟ್ ಕಾಲಮ್ಮಿನಲ್ಲಿ ಮೊದಲು ಕ್ಯಾಚಪ್, ಆಮೇಲೆ ಸ್ಟ್ರೀಮಿಂಗ್ ಎಂದಾಗುತ್ತದೆ. ಸ್ಟ್ರೀಮಿಂಗ್ ಎಂದ ಮಾತ್ರಕ್ಕೆ ನೆಮ್ಮದಿ ಬೇಡ; ಪಿಜಿ_ಕರೆಂಟ್_ವಾಲ್_ಎಲ್‌ಎಸ್‌ಎನ್ ಮತ್ತು ರಿಪ್ಲೇ_ಎಲ್‌ಎಸ್‌ಎನ್ ನಡುವಿನ ಅಂತರವನ್ನು ಪಿಜಿ_ವಾಲ್_ಎಲ್‌ಎಸ್‌ಎನ್_ಡಿಫ್‌ನಿಂದ ಬೈಟ್‌ಗಳಲ್ಲಿ ತೆಗೆದು, ಅದು ಇಳಿಯುತ್ತಿದೆಯೇ ನೋಡಿ. ಕೊನೆಯ ವ್ಯವಹಾರ ರಿಪ್ಲೇ ಆದ ಸಮಯವನ್ನು ನಂಬಿ ಅಲಾರಂ ಇಡುವವರಿದ್ದಾರೆ. ಪ್ರೈಮರಿಯಲ್ಲಿ ಯಾರೂ ಬರೆಯದಿದ್ದರೆ ಆ ಸಮಯ ಮುಂದೆ ಹೋಗುವುದೇ ಇಲ್ಲ, ಲ್ಯಾಗ್ ಇಲ್ಲದಿದ್ದರೂ ಇದ್ದಂತೆ ತೋರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಒಂದು ಸಾಲು ಅಪ್‌ಡೇಟ್ ಮಾಡುವ ಪುಟ್ಟ ಟೇಬಲ್ ಇಟ್ಟರೆ ಈ ಗೊಂದಲ ಇರುವುದಿಲ್ಲ.

ಉಳಿದ ಸ್ಟ್ಯಾಂಡ್‌ಬೈಗಳ ಪ್ರೈಮರಿ_ಕಾನ್‌ಇನ್ಫೋ ಬದಲಿಸಿ ರೀಲೋಡ್ ಮಾಡಿದರೆ ಸಾಕು, ಹೊಸ ಟೈಮ್‌ಲೈನನ್ನು ಅವು ತಾವೇ ಹಿಂಬಾಲಿಸುತ್ತವೆ. ಆದರೆ ಬಡ್ತಿ ಪಡೆದದ್ದಕ್ಕಿಂತ ಮುಂದೆ ಇದ್ದ ಸ್ಟ್ಯಾಂಡ್‌ಬೈ ಯಾವುದಾದರೂ ಇದ್ದರೆ ಅದೂ ಕವಲೊಡೆದಿರುತ್ತದೆ, ಅದಕ್ಕೂ ರಿವೈಂಡ್ ಬೇಕು.

ಬಾಕಿ ಕೆಲಸಗಳು

ಎಲ್ಲ ಸರ್ವರುಗಳಲ್ಲೂ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್ ನೋಡಿ, ಯಾರೂ ಬಳಸದ ಸ್ಲಾಟುಗಳನ್ನು ತೆಗೆದುಹಾಕಿ. ವಾಲ್_ಕೀಪ್_ಸೈಜ್ ಹಿಂದಿನಷ್ಟಕ್ಕೆ ಇಳಿಸಿ. ಸಿಂಕ್ರೊನಸ್ ಪಟ್ಟಿಯನ್ನು ಮರಳಿ ಹಾಕಿ. ಕಮೆಂಟ್ ಮಾಡಿದ್ದ ಕ್ರಾನ್ ಸಾಲುಗಳಲ್ಲಿ ಯಾವುದು ಈಗ ಹೊಸ ಪ್ರೈಮರಿಯಲ್ಲಿ ಓಡಬೇಕು ಎಂದು ಒಂದೊಂದಾಗಿ ತೀರ್ಮಾನಿಸಿ. ಬ್ಯಾಕಪ್ ಜಾಬ್ ಇನ್ನೂ ಹಳೆಯ ಯಂತ್ರದತ್ತಲೇ ನೋಡುತ್ತಿದೆಯೇ ಎಂಬುದನ್ನು ಅದೇ ದಿನ ಪರೀಕ್ಷಿಸಿ.

ಡೇಟಾ ಬದಲಾವಣೆಗಳನ್ನು ಓದಿ ಬೇರೆಡೆಗೆ ಕಳಿಸುವ ಡೆಬೀಜಿಯಂನಂಥ ಲಾಜಿಕಲ್ ಓದುಗರಿದ್ದರೆ ಅವುಗಳ ಸ್ಲಾಟೂ ಹೋಗಿರುತ್ತದೆ. 17ರಿಂದ ಲಾಜಿಕಲ್ ಸ್ಲಾಟನ್ನು ಫೇಲ್‌ಓವರ್ ಗುರುತಿನೊಂದಿಗೆ ಸೃಷ್ಟಿಸಿ ಸ್ಟ್ಯಾಂಡ್‌ಬೈಗೂ ಸಿಂಕ್ ಆಗುವಂತೆ ಮಾಡಬಹುದು. ಅದನ್ನು ಮೊದಲೇ ಮಾಡಿರದಿದ್ದರೆ ಹೊಸ ಸ್ಲಾಟ್, ಮತ್ತೆ ಪೂರ್ತಿ ಸ್ನ್ಯಾಪ್‌ಶಾಟ್, ಬೇರೆ ದಾರಿಯಿಲ್ಲ.

ಹಳೆಯ ಸರ್ವರನ್ನೇ ಮತ್ತೆ ಪ್ರೈಮರಿ ಮಾಡಬೇಕೆಂಬ ಒತ್ತಾಯ ಸಾಮಾನ್ಯವಾಗಿ ಮರುದಿನ ಬೆಳಿಗ್ಗೆಯೇ ಬರುತ್ತದೆ. ಎರಡೂ ಯಂತ್ರಗಳ ಶಕ್ತಿ ಒಂದೇ ಆಗಿದ್ದರೆ ಅದರ ಅಗತ್ಯವೇ ಇಲ್ಲ, ಹೆಸರಿನಲ್ಲಿ ‘ಡಿಬಿ1’ ಎಂದಿದೆ ಎಂಬುದೊಂದು ಕಾರಣವಲ್ಲ. ಮಾಡಲೇಬೇಕಾದರೆ ಮೊದಲು ಅದು ಏಕೆ ಬಿತ್ತು ಎಂದು ಕಂಡುಹಿಡಿಯಿರಿ, ಡಿಸ್ಕ್ ಮತ್ತು ಮೆಮೊರಿ ಪರೀಕ್ಷಿಸಿ. ಟ್ರಾಫಿಕ್ ಕಡಿಮೆಯಿರುವ ಹೊತ್ತು ನೋಡಿ ಈಗಿನ ಪ್ರೈಮರಿಯನ್ನು ಸರಿಯಾಗಿ ಶಟ್‌ಡೌನ್ ಮಾಡಿ. ಎರಡರಲ್ಲೂ ಕೊನೆಯ ಎಲ್‌ಎಸ್‌ಎನ್ ಒಂದೇ ಎಂದು ನೋಡಿದ ಬಳಿಕವೇ ಬಡ್ತಿ ಕೊಡಿ. ಆಗ ಇಳಿದುಬಂದ ಸರ್ವರಿಗೆ ರಿವೈಂಡ್ ಬೇಕಾಗುವುದಿಲ್ಲ.